ಮೇಲಿನ ಪೀಠ ಬಿಟ್ಟು ಇಳಿದು ಬಂದ ನ್ಯಾಯಮೂರ್ತಿ

ಬಡ್ತಿ ಪಡೆದವರು ತಾವಾಗಿಯೇ ಕೆಳಗಿನ ಹುದ್ದೆಗೆ ಮರಳುವುದು ಅಪರೂಪ. ಲಾರ್ಡ್ ಡೆನಿಂಗ್ 1962ರಲ್ಲಿ ಅದನ್ನೇ ಮಾಡಿದರು. ಬ್ರಿಟನ್ನಿನ ಅತ್ಯುನ್ನತ ನ್ಯಾಯಪೀಠ ಆಗ ಹೌಸ್ ಆಫ್ ಲಾರ್ಡ್ಸ್. ಅಲ್ಲಿ ಐದು ವರ್ಷ ಕೂತಿದ್ದವರು ಮೇಲ್ಮನವಿ ನ್ಯಾಯಾಲಯಕ್ಕೆ ‘ಮಾಸ್ಟರ್ ಆಫ್ ದಿ ರೋಲ್ಸ್’ ಆಗಿ ಬಂದರು. ಸಿವಿಲ್ ಮೇಲ್ಮನವಿಗಳಿಗೆಲ್ಲ ಆ ಹುದ್ದೆಯಲ್ಲಿರುವವರೇ ಯಜಮಾನರು. ಮೇಲೆ ಐವರ ಪೀಠದಲ್ಲಿ ಇವರದು ಎಷ್ಟೋ ಸಲ ಒಂಟಿ ದನಿ; ಇಲ್ಲಿ ಮೂವರಲ್ಲಿ ಇನ್ನೊಬ್ಬರನ್ನು ಒಪ್ಪಿಸಿದರೆ ಸಾಕು. ಬಹುತೇಕ ವ್ಯಾಜ್ಯಗಳು ಇಲ್ಲಿಗೇ ಮುಗಿಯುತ್ತವೆ ಬೇರೆ. ಅಧಿಕಾರ ನಿಜವಾಗಿ ಎಲ್ಲಿದೆ ಎಂಬುದು ಈ ಮನುಷ್ಯನಿಗೆ ಚೆನ್ನಾಗಿ ಗೊತ್ತಿತ್ತು.

ಹುಟ್ಟಿದ್ದು 1899ರಲ್ಲಿ, ಹ್ಯಾಂಪ್‌ಷೈರಿನ ವಿಟ್‌ಚರ್ಚ್ ಎಂಬ ಸಣ್ಣ ಊರಿನಲ್ಲಿ. ಅಪ್ಪನದು ಬಟ್ಟೆ ಅಂಗಡಿ. ಮೊದಲ ಮಹಾಯುದ್ಧ ಇಬ್ಬರು ಅಣ್ಣತಮ್ಮಂದಿರನ್ನು ನುಂಗಿತು; ಇವರು ಫ್ರಾನ್ಸಿನಲ್ಲಿ ಸೇನೆಯ ಎಂಜಿನಿಯರ್ ದಳದಲ್ಲಿದ್ದು ಬದುಕಿ ಬಂದರು. ಆಕ್ಸ್‌ಫರ್ಡಿನಲ್ಲಿ ಓದಿದ್ದು ಮೊದಲು ಗಣಿತ, ಆಮೇಲೆ ಕಾನೂನು. 1923ರಲ್ಲಿ ಬ್ಯಾರಿಸ್ಟರ್, 1944ರಲ್ಲಿ ಹೈಕೋರ್ಟ್ ನ್ಯಾಯಮೂರ್ತಿ. ಊರಿನ ಹಳ್ಳಿಗಾಡಿನ ಉಚ್ಚಾರಣೆಯನ್ನು ಕೊನೆಯವರೆಗೂ ಬಿಡಲಿಲ್ಲ. ತೀರ್ಪುಗಳನ್ನು ಕಥೆ ಹೇಳುವಂತೆ ಗಿಡ್ಡ ವಾಕ್ಯಗಳಲ್ಲಿ ಬರೆದರು.

ಹೆಸರು ತಂದದ್ದು 1947ರ ಹೈ ಟ್ರೀಸ್ ಪ್ರಕರಣ. ಲಂಡನ್ನಿನ ಕ್ಲಾಫಮ್‌ನಲ್ಲಿದ್ದ ಫ್ಲ್ಯಾಟುಗಳ ಕಟ್ಟಡವೊಂದಕ್ಕೆ ವರ್ಷಕ್ಕೆ 2,500 ಪೌಂಡ್ ಬಾಡಿಗೆ. ಯುದ್ಧ ಬಂದು ಫ್ಲ್ಯಾಟುಗಳು ಖಾಲಿ ಬಿದ್ದಾಗ ಮಾಲೀಕ ಕಂಪನಿ ಅದನ್ನು ಅರ್ಧಕ್ಕಿಳಿಸಿತು. ಯುದ್ಧ ಮುಗಿದ ಮೇಲೆ ಪೂರ್ತಿ ಬಾಡಿಗೆ ಕೇಳಿತು. ಇನ್ನು ಮುಂದಕ್ಕೆ ಕೇಳಬಹುದು ಎಂದರು ಡೆನಿಂಗ್. ಆದರೆ ಯುದ್ಧಕಾಲದ ಬಾಕಿಯನ್ನೂ ಕೇಳಿದ್ದರೆ ಸಿಗುತ್ತಿರಲಿಲ್ಲ ಎಂದು ಒಂದು ಮಾತು ಸೇರಿಸಿದರು. ಆ ವ್ಯಾಜ್ಯಕ್ಕೆ ಅಷ್ಟು ಹೇಳುವ ಅಗತ್ಯವೇ ಇರಲಿಲ್ಲ! ಪ್ರತಿಫಲವಿಲ್ಲದ ಮಾತಿಗೆ ಕಾನೂನಿನಲ್ಲಿ ಬೆಲೆಯಿಲ್ಲ ಎಂಬ ಹಳೆಯ ನಿಯಮ ಅಲ್ಲಿಂದ ಸಡಿಲವಾಯಿತು. ನಮ್ಮ ಸುಪ್ರೀಂ ಕೋರ್ಟಿನಲ್ಲಿ ಇದೇ ತತ್ತ್ವವನ್ನು ಮೋತಿಲಾಲ್ ಪದಂಪತ್ ಸಕ್ಕರೆ ಕಾರ್ಖಾನೆಯ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಇನ್ನೂ ಮುಂದಕ್ಕೊಯ್ದರು. ಹೊಸ ವನಸ್ಪತಿ ಕಾರ್ಖಾನೆಗೆ ಮಾರಾಟ ತೆರಿಗೆ ವಿನಾಯಿತಿ ಕೊಡುತ್ತೇವೆಂದು ಉತ್ತರ ಪ್ರದೇಶ ಸರ್ಕಾರ ಮಾತು ಕೊಟ್ಟು ತಪ್ಪಿತ್ತು. ಸರ್ಕಾರವೂ ಮಾತಿಗೆ ಬದ್ಧ ಎಂಬ ತೀರ್ಪು ಬಂತು.

1977ರಲ್ಲಿ ಹಳ್ಳಿಯೊಂದರ ಕ್ರಿಕೆಟ್ ಮೈದಾನದ ಪಕ್ಕ ಹೊಸದಾಗಿ ಮನೆ ಕೊಂಡವರು ಆಟ ನಿಲ್ಲಿಸಿ ಎಂದು ಬಂದಾಗ ಡೆನಿಂಗ್ ಆಟದ ಪರ ನಿಂತರು. ಜನ ಮೆಚ್ಚಿದ್ದು ಇಂಥ ಡೆನಿಂಗರನ್ನು.

ಇನ್ನೊಬ್ಬ ಡೆನಿಂಗ್ ಇದ್ದರು. 1974ರ ಬರ್ಮಿಂಗ್‌ಹ್ಯಾಮ್ ಬಾಂಬ್ ಸ್ಫೋಟಗಳಲ್ಲಿ 21 ಜನ ಸತ್ತರು. ಐರಿಷ್ ಮೂಲದ ಆರು ಮಂದಿಗೆ ಜೀವಾವಧಿ ಶಿಕ್ಷೆಯಾಯಿತು. ಪೊಲೀಸರು ಹೊಡೆದು ತಪ್ಪೊಪ್ಪಿಗೆ ಬರೆಸಿಕೊಂಡರೆಂದು ಆ ಆರು ಮಂದಿ ದಾವೆ ಹೂಡಿದರು. 1980ರಲ್ಲಿ ಡೆನಿಂಗ್ ಅದನ್ನು ತಡೆದರು. ಇವರು ಗೆದ್ದರೆ ಪೊಲೀಸರು ಹಿಂಸಿಸಿದ್ದು, ಸುಳ್ಳು ಸಾಕ್ಷಿ ಹೇಳಿದ್ದು ನಿಜವೆಂದಾಗುತ್ತದೆ. ಅದು ಊಹಿಸಲೂ ಭಯಂಕರ, ಹಾಗಾಗಿ ದಾವೆ ಮುಂದುವರಿಯಬಾರದು ಎಂಬುದು ಅವರ ವಾದ. ಬಾಡಿಗೆದಾರನಿಗಾಗಿ ಹಳೆಯ ನಿಯಮವನ್ನೇ ಬಗ್ಗಿಸಿದವರು ಸೆರೆಯಾಳಿಗೆ ವಿಚಾರಣೆಯನ್ನೂ ಕೊಡಲಿಲ್ಲ. ನನ್ನ ಮಟ್ಟಿಗೆ ಇದು ಕ್ಷಮೆಗೆ ಮೀರಿದ್ದು. 1991ರಲ್ಲಿ ಆ ಶಿಕ್ಷೆಗಳು ರದ್ದಾಗಿ ಆರು ಮಂದಿಯೂ ಬಿಡುಗಡೆಯಾದರು. ಅಷ್ಟರಲ್ಲಿ ಹದಿನಾರು ವರ್ಷ ಸೆರೆಮನೆಯಲ್ಲಿ ಕಳೆದಿತ್ತು.

1982 ಡೆನಿಂಗರ ಪಾಲಿಗೆ ಕೆಟ್ಟ ವರ್ಷ. ಕಪ್ಪು ಜನಾಂಗದವರಲ್ಲಿ ಕೆಲವರು ಜ್ಯೂರಿಯಲ್ಲಿ ಕೂರಲು ತಕ್ಕವರಲ್ಲ ಎಂಬ ಧ್ವನಿಯ ಮಾತು ಅವರ ಹೊಸ ಪುಸ್ತಕದಲ್ಲಿತ್ತು. ಪುಸ್ತಕ ಹಿಂತೆಗೆಯಬೇಕಾಯಿತು, ಕ್ಷಮೆ ಕೇಳಬೇಕಾಯಿತು. ಪೇಟ ಕಟ್ಟಿದ ಸಿಖ್ ಹುಡುಗನಿಗೆ ಪ್ರವೇಶ ನಿರಾಕರಿಸಿದ ಶಾಲೆಯ ಪ್ರಕರಣದಲ್ಲಿ, ಸಿಖ್ಖರು ಜನಾಂಗೀಯ ಕಾನೂನಿನ ರಕ್ಷಣೆಗೆ ಬರುವ ಗುಂಪಲ್ಲ ಎಂದು ತೀರ್ಪಿತ್ತದ್ದೂ ಅದೇ ವರ್ಷ. ಮರುವರ್ಷ ಹೌಸ್ ಆಫ್ ಲಾರ್ಡ್ಸ್ ಅದನ್ನು ತಳ್ಳಿಹಾಕಿತು. ಅಷ್ಟು ಹೊತ್ತಿಗೆ, 83ನೇ ವಯಸ್ಸಿನಲ್ಲಿ, ಅವರು ನಿವೃತ್ತರಾಗಿದ್ದರು. ನೂರು ತುಂಬಿದ ಕೆಲವೇ ವಾರಗಳಲ್ಲಿ, 1999ರ ಮಾರ್ಚ್ 5ರಂದು ತೀರಿಕೊಂಡರು.

ನಮ್ಮ ಕಾನೂನು ವಿದ್ಯಾರ್ಥಿಗಳು ಹೈ ಟ್ರೀಸ್ ತೀರ್ಪನ್ನು ಹೇಗೂ ಓದುತ್ತಾರೆ. ಅದರ ಜೊತೆಗೆ 1980ರ ತೀರ್ಪನ್ನೂ ಓದಲಿ.