ಊರು ಮಲಗಿದ ಮೇಲೆ ಶುರುವಾಗುವ ಪರೀಕ್ಷೆ

ರಾತ್ರಿ ಊಟ ಮುಗಿದು ಓಣಿಯ ಬಾಗಿಲುಗಳು ಮುಚ್ಚುವ ಹೊತ್ತಿಗೆ ಇವರ ಕೆಲಸ ಆರಂಭ. ಕೈಯಲ್ಲಿ ಟಾರ್ಚು, ಚೀಲದಲ್ಲಿ ಸೂಜಿ, ಸ್ಪಿರಿಟ್ಟು, ಹತ್ತಿ, ಗಾಜಿನ ಸ್ಲೈಡುಗಳು. ಮಲಗಿದವರನ್ನು ಎಬ್ಬಿಸಿ ಬೆರಳ ತುದಿಯ ರಕ್ತ ಕೇಳಬೇಕು. ಆನೆಕಾಲು ರೋಗದ ಪತ್ತೆಗೆ ಆರೋಗ್ಯ ಸಿಬ್ಬಂದಿ ನಡೆಸುವ ರಾತ್ರಿ ರಕ್ತ ಸಮೀಕ್ಷೆ ಇದು. ಈ ರೋಗ ಬೇರೂರಿದ ರಾಜ್ಯದ ಜಿಲ್ಲೆಗಳಲ್ಲಿ ಕಲಬುರಗಿಯೂ ಒಂದು. ನಗರದ ಓಣಿಯವರಿಂದ ಹಿಡಿದು ಕೆಂಪು ಬಾಳೆಗೆ ಹೆಸರಾದ ಕಮಲಾಪುರದ ರೈತರವರೆಗೆ ಎಲ್ಲರೂ ಇದನ್ನು ಅರಿತಿರಬೇಕು.

ಪರೀಕ್ಷೆ ರಾತ್ರಿಯೇ ಯಾಕೆ? ಈ ರೋಗ ತರುವ ದಾರದಂಥ ಹುಳು ನಮ್ಮ ದುಗ್ಧನಾಳಗಳಲ್ಲಿ ವರ್ಷಗಟ್ಟಲೆ ಬದುಕುತ್ತದೆ. ಅದರ ಮರಿಗಳಾದ ಮೈಕ್ರೋಫೈಲೇರಿಯಾ ಹಗಲು ಶ್ವಾಸಕೋಶದ ರಕ್ತನಾಳಗಳಲ್ಲಿ ಅಡಗಿರುತ್ತವೆ. ಚರಂಡಿಯ ಕೊಳಕು ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಕಚ್ಚುವುದು ರಾತ್ರಿ. ಮರಿಗಳೂ ಅದೇ ಹೊತ್ತಿಗೆ ಚರ್ಮದಡಿಯ ರಕ್ತಕ್ಕೆ ಬರುತ್ತವೆ. ಹಗಲು ತೆಗೆದ ರಕ್ತದಲ್ಲಿ ಅವು ಸಿಗದೇ ಹೋಗಬಹುದು.

ಸ್ಲೈಡಿನ ಮೇಲೆ ರಕ್ತವನ್ನು ದಪ್ಪಗೆ ಸವರಿ ಒಣಗಿಸುತ್ತಾರೆ. ಆಮೇಲೆ ನೀರಿನಲ್ಲಿ ಕೆಂಪು ಬಣ್ಣ ಬಿಡಿಸಿ, ಬಣ್ಣದ ದ್ರಾವಣ ಹಾಕಿ ಸೂಕ್ಷ್ಮದರ್ಶಕದಡಿ ನೋಡುತ್ತಾರೆ. ನೂರಕ್ಕೆ ಒಬ್ಬರಲ್ಲಿ ಮರಿಹುಳು ಕಂಡರೂ ಆ ಪ್ರದೇಶದ ಜನರೆಲ್ಲ ಮಾತ್ರೆ ನುಂಗಬೇಕೆಂಬುದು ಲೆಕ್ಕ.

ಮಾತ್ರೆಗಳ ಹಿಂದೆ ದೊಡ್ಡ ಸಂಶೋಧನೆಯಿದೆ. ಅವುಗಳಲ್ಲಿ ಒಂದಾದ ಡಿಇಸಿ ಔಷಧ 1940ರ ದಶಕದಲ್ಲಿ ಹೊರಬಂದದ್ದು ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್ ಸಂಶೋಧನೆಯ ಹೊಣೆ ಹೊತ್ತಿದ್ದ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಿಂದ. ಇನ್ನೊಂದು ಔಷಧವಾದ ಐವರ್ಮೆಕ್ಟಿನ್ನಿನ ಮೂಲ ಜಪಾನಿನ ಮಣ್ಣಿನ ಒಂದು ಸೂಕ್ಷ್ಮಾಣು. ಅದರ ಶೋಧಕರಿಗೆ 2015ರಲ್ಲಿ ನೊಬೆಲ್ ಬಂತು. ಈ ಎರಡಕ್ಕೆ ಅಲ್ಬೆಂಡಜೋಲ್ ಸೇರಿಸಿ ಒಟ್ಟಿಗೆ ಕೊಡುವುದು ಸುರಕ್ಷಿತವೇ ಎಂದು ಐದು ದೇಶಗಳ 26,000ಕ್ಕೂ ಹೆಚ್ಚು ಜನರಲ್ಲಿ ಪರೀಕ್ಷಿಸಲಾಯಿತು. ಭಾರತದಲ್ಲಿ ಅದಕ್ಕೆ ಆರಿಸಿದ ಜಾಗ ಯಾದಗಿರಿ, 2009ರ ಕೊನೆಯವರೆಗೆ ಕಲಬುರಗಿ ಜಿಲ್ಲೆಯಲ್ಲೇ ಇದ್ದ ನೆಲ. ಪುದುಚೇರಿಯ ರೋಗವಾಹಕ ನಿಯಂತ್ರಣ ಸಂಶೋಧನಾ ಕೇಂದ್ರ ಅಧ್ಯಯನ ನಡೆಸಿತು. ನಮ್ಮ ಸೀಮೆಯ ಹಳ್ಳಿಗರು ನುಂಗಿದ ಮಾತ್ರೆ ಜಗತ್ತಿಗೇ ಧೈರ್ಯ ಕೊಟ್ಟಿತು.

ಆದರೂ ಮನೆಬಾಗಿಲಲ್ಲಿ ಆಶಾ ಕಾರ್ಯಕರ್ತೆ ಕೇಳುವ ಮಾತು ಒಂದೇ: ‘ನನಗೇನೂ ಆಗಿಲ್ಲಲ್ರೀ ಅಕ್ಕಾ, ಗುಳಿಗಿ ಯಾಕ?’ ಉತ್ತರ ಆ ಸ್ಲೈಡಿನಲ್ಲಿದೆ. ಕಾಲು ಬಾತಿರದ, ಜ್ವರವೂ ಇಲ್ಲದ ಆರೋಗ್ಯವಂತರಂತೆ ಕಾಣುವವರ ರಕ್ತದಲ್ಲೇ ಮರಿಹುಳುಗಳಿರಬಹುದು. ಸೊಳ್ಳೆ ಅವರಿಂದಲೇ ಪಕ್ಕದ ಮನೆಯ ಕೂಸಿಗೆ ಅವನ್ನು ದಾಟಿಸುತ್ತದೆ. ಒಮ್ಮೆ ಆನೆಕಾಲಾದ ಮೇಲೆ ಮಾತ್ರೆಯಿಂದ ಅದು ಮೊದಲಿನಂತಾಗದು. ದಿನವೂ ಸೋಪು ನೀರಿನಲ್ಲಿ ತೊಳೆದು, ಒರೆಸಿ, ಗಾಯವಾಗದಂತೆ ಕಾಯುವುದೇ ಆಗ ಉಳಿಯುವ ಆರೈಕೆ.

ಮಾತ್ರೆ ನುಂಗಿದ ಕೆಲವರಿಗೆ ಜ್ವರ, ತಲೆಸುತ್ತು ಬರುವುದುಂಟು. ಸಾಮಾನ್ಯವಾಗಿ ಅದು ಒಳಗಿನ ಹುಳುಗಳು ಸಾಯುತ್ತಿರುವ ಗುರುತು. ಎರಡು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ತೀವ್ರ ಕಾಯಿಲೆಯವರು ಮಾತ್ರೆ ತೆಗೆದುಕೊಳ್ಳಬಾರದು.

2027ರೊಳಗೆ ಈ ರೋಗವನ್ನು ನಿವಾರಿಸುವುದು ದೇಶದ ಗುರಿ. ರಾತ್ರಿ ಬಾಗಿಲು ತಟ್ಟಿದವರಿಗೆ ಬೆರಳು ಕೊಡಿ. ಹಗಲು ಮಾತ್ರೆ ತಂದವರ ಎದುರಲ್ಲೇ, ಊಟವಾದ ಮೇಲೆ, ಅದನ್ನು ನುಂಗಿ.