ಗಡಿಯಾರ ಕಾಯಲು ಕಲಿತದ್ದು

ಬೀಥೋವನ್‌ನ ಐದನೇ ಸಿಂಫನಿ ಶುರುವಾಗುವುದು ಮೂರು ಚುಟುಕು ಸ್ವರ, ಒಂದು ದೀರ್ಘ ಸ್ವರದಿಂದ. 1808ರಲ್ಲಿ ವಿಯೆನ್ನಾದಲ್ಲಿ ಮೊದಲ ಸಲ ಕೇಳಿಸಿದ ಈ ಕೃತಿಯ ಬರಹದಲ್ಲಿ ಆ ದೀರ್ಘ ಸ್ವರದ ನೆತ್ತಿಯ ಮೇಲೊಂದು ಕಮಾನು, ಅದರಡಿ ಒಂದು ಚುಕ್ಕೆ ಇದೆ. ಅದು ಫರ್ಮಾಟಾ. ಎಣಿಕೆ ಇಲ್ಲಿ ನಿಲ್ಲುತ್ತದೆ. ಮುಂದಕ್ಕೆ ಹೊರಡುವ ಗಳಿಗೆಯನ್ನು ತೀರ್ಮಾನಿಸುವವರು ವಾದ್ಯವೃಂದದ ಕಂಡಕ್ಟರ್. ಕರ್ನಾಟಕ ಸಂಗೀತದ ಕಾರ್ವೆಯಲ್ಲಿ ಸ್ವರ ನಿಂತರೂ ತಾಳ ನಡೆಯುತ್ತಲೇ ಇರುತ್ತದೆ. ಫರ್ಮಾಟಾದಲ್ಲಿ ಲೆಕ್ಕವೇ ಉಸಿರು ಹಿಡಿಯುತ್ತದೆ.

ಹದಿನೈದನೇ ಶತಮಾನದ ಸಂಗೀತ ರಚನೆಕಾರ ದ್ಯುಫೇಯ ಕೃತಿಗಳಲ್ಲೂ ಕಾಣುವ ಈ ಚಿಹ್ನೆ ಕಂಪ್ಯೂಟರಿಗೆ ಮಾತ್ರ ಬಹುಕಾಲ ಅರ್ಥವಾಗಲಿಲ್ಲ.

ಕಾರಣ ಸರಳ. ವಾದ್ಯಗಳನ್ನು ಕಂಪ್ಯೂಟರಿನೊಂದಿಗೆ ಜೋಡಿಸುವ ಮಿಡಿ ಮಾನದಂಡ ಬಂದದ್ದು 1983ರಲ್ಲಿ. ಮಿಡಿ ಕಡತದಲ್ಲಿ ವೇಗವನ್ನು ಬರೆಯುವುದು ಒಂದು ಕ್ವಾರ್ಟರ್ ನೋಟಿಗೆ ಇಷ್ಟು ಮೈಕ್ರೊಸೆಕೆಂಡ್ ಎಂದು. 5,00,000 ಎಂದರೆ ನಿಮಿಷಕ್ಕೆ 120 ನೋಟು. ‘ಇಲ್ಲಿ ಸ್ವಲ್ಪ ಕಾಯಿ’ ಎಂದು ಹೇಳಲು ಅದರಲ್ಲಿ ಜಾಗವಿಲ್ಲ. 1988ರ ಫಿನಾಲೆ, 1993ರ ಸಿಬೆಲಿಯಸ್‌ನಂಥ ಸಂಗೀತ ಬರಹದ ತಂತ್ರಾಂಶಗಳ ದೊಡ್ಡ ಸಾಧನೆ ಅಚ್ಚುಕಟ್ಟಾದ ಮುದ್ರಣ. ನುಡಿಸಿ ಕೇಳುವುದು ಹೆಚ್ಚಾಗಿ ತಪ್ಪು ಸ್ವರ ಹಿಡಿಯಲಿಕ್ಕಿತ್ತು. ಕಮಾನು ಪುಟದಲ್ಲಿ ಅಂದವಾಗಿ ಮೂಡಿದರೂ ಧ್ವನಿ ಅದನ್ನು ದಾಟಿ ಓಡಿಬಿಡುತ್ತಿತ್ತು.

ಸಂಗೀತ ಬರೆಯುವವರು ಕಂಡುಕೊಂಡ ದಾರಿ ಜಾಣತನದ್ದು. ಹಿಡಿಯಬೇಕಾದ ಸ್ವರದ ಮೇಲೆ ಅರ್ಧ ವೇಗದ ಗುರುತು ಹಾಕಿ, ಮುಂದಿನ ಸ್ವರದಲ್ಲಿ ಹಳೆಯ ವೇಗಕ್ಕೆ ಮರಳಿ, ಎರಡೂ ಗುರುತುಗಳನ್ನು ಮುದ್ರಣದಲ್ಲಿ ಕಾಣದಂತೆ ಮರೆಮಾಡುವುದು. ಈ ಉಪಾಯ ಇಂದಿಗೂ ಬಳಕೆಯಲ್ಲಿದೆ.

ಬಳಿಕ ತಂತ್ರಾಂಶಗಳೇ ಈ ಕೆಲಸ ಕೈಗೆತ್ತಿಕೊಂಡವು. ಫಿನಾಲೆ 2004ರ ‘ಹ್ಯೂಮನ್ ಪ್ಲೇಬ್ಯಾಕ್’ ಪುಟದ ಮೇಲಿನ ಚಿಹ್ನೆಗಳನ್ನು ಓದಿ ನುಡಿಸುವ ಪ್ರಯತ್ನ. ಉಚಿತವಾಗಿ ಸಿಗುವ ಮ್ಯೂಸ್‌ಸ್ಕೋರ್‌ನಲ್ಲಿ ಫರ್ಮಾಟಾವನ್ನು ಆಯ್ದುಕೊಂಡರೆ ‘ಟೈಮ್ ಸ್ಟ್ರೆಚ್’ ಎಂಬ ಅಂಕಿ ಸಿಗುತ್ತದೆ. ಅದನ್ನು ಏರಿಸಿ ಆ ಸ್ವರದ ಕಾಲವನ್ನು ಇಮ್ಮಡಿ ಮಾಡಬಹುದು. ಉಸಿರಿನ ಗುರುತಿಗೆ ಬೇರೆ ಲೆಕ್ಕ: ಎಷ್ಟು ಸೆಕೆಂಡು ಮೌನ ಬೇಕೆಂದು ನೇರವಾಗಿ ಬರೆಯಬಹುದು.

ಈ ಅಂಕಿಯನ್ನು ಬೀಥೋವನ್‌ನ ಮೇಲೆ ಪ್ರಯೋಗಿಸಿದರೆ ತೊಡಕು ಕಾಣುತ್ತದೆ. ಅವನು ಕೊಟ್ಟ ಮೆಟ್ರೊನೋಮ್ ಗುರುತು ನಿಮಿಷಕ್ಕೆ 108 ಹಾಫ್ ನೋಟು. ಹಾಗಾದರೆ ಒಂದು ಹಾಫ್ ನೋಟಿನಷ್ಟಿರುವ ಮೊದಲ ದೀರ್ಘ ಸ್ವರದ ಕಾಲ ಸುಮಾರು 0.56 ಸೆಕೆಂಡು, ಇಮ್ಮಡಿಸಿದರೂ 1.1. ಬಹಳಷ್ಟು ವಾದ್ಯವೃಂದಗಳು ಇದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತವೆ. ಅದೇ ಆಕೃತಿ ಎರಡನೇ ಸಲ ಬಂದಾಗ ಕೊನೆಯ ಸ್ವರ ಒಂದರ ಬದಲು ಎರಡು ಬಾರ್‌ಗಳಷ್ಟು ಉದ್ದ, ಕಮಾನು ಎರಡನೆಯದರ ಮೇಲೆ ಮಾತ್ರ. ಎರಡನೇ ತಂಗುವಿಕೆ ಮೊದಲಿನದಕ್ಕಿಂತ ದೀರ್ಘವಾಗಲಿ ಎಂಬ ಬಯಕೆ ಬರಹದಲ್ಲೇ ಇದೆ. ಎಷ್ಟು ದೀರ್ಘ ಎಂಬುದನ್ನು ಮಾತ್ರ ಕೇಳುವ ಕಿವಿಯೇ ಪ್ರತಿ ಸಲ ಹೊಸದಾಗಿ ನಿರ್ಧರಿಸಬೇಕು.

ಬಾಖ್‌ನ ಕೋರಾಲ್‌ಗಳಲ್ಲಿ ತೊಂದರೆ ತಿರುವುಮುರುವು. ಅಲ್ಲಿ ಫರ್ಮಾಟಾ ಬರುವುದು ಸ್ತುತಿಗೀತೆಯ ಪ್ರತಿ ಸಾಲಿನ ಕೊನೆಗೆ, ಮತ್ತು ಅದನ್ನು ನಿಜಕ್ಕೂ ಹಿಡಿಯಬೇಕೇ, ಉಸಿರಿನ ಗುರುತೆಂದಷ್ಟೇ ತಿಳಿಯಬೇಕೇ ಎಂಬುದು ಇನ್ನೂ ಚರ್ಚೆಯಲ್ಲಿದೆ. ಯಂತ್ರ ವಿಧೇಯವಾಗಿ ಎಲ್ಲವನ್ನೂ ಎಳೆದರೆ ಹಾಡು ತುಂಡುತುಂಡಾಗುತ್ತದೆ. ಅಂಕಿಯನ್ನು ಒಂದು ಪಟ್ಟಿಗೆ ಇಳಿಸಿದರೆ ಅದು ಮತ್ತೆ ಸರಾಗವಾಗಿ ಹರಿಯುತ್ತದೆ.

ಗಣಕ ಸಂಗೀತದ ಹಿರಿಯ ಮ್ಯಾಕ್ಸ್ ಮ್ಯಾಥ್ಯೂಸ್ ಬೇರೆಯೇ ದಾರಿ ಹಿಡಿದಿದ್ದರು. ಬೆಲ್ ಲ್ಯಾಬ್ಸ್‌ನಲ್ಲಿ ಬಾಬ್ ಬೋಯಿ ಜೊತೆ 1980ರ ದಶಕದಲ್ಲಿ ಬೆಳೆಸಿದ ‘ರೇಡಿಯೊ ಬ್ಯಾಟನ್’ನಲ್ಲಿ ಸ್ವರಗಳು ಕಂಪ್ಯೂಟರಿನ ನೆನಪಿನಲ್ಲಿರುತ್ತವೆ, ವೇಗ ಮಾತ್ರ ಕೈಯಲ್ಲಿನ ಕೋಲಿನದು. ಕೋಲು ಮುಂದಿನ ಪೆಟ್ಟು ಕೊಡುವವರೆಗೆ ಯಂತ್ರ ಕಾಯುತ್ತದೆ. ಎಷ್ಟು ಪಟ್ಟು ಎಂದು ಮೊದಲೇ ಲೆಕ್ಕ ಹಾಕಬೇಕಾಗಿಲ್ಲ. ಇಡೀ ಕತೆಯಲ್ಲಿ ಚಿಹ್ನೆಯ ಸ್ವಭಾವಕ್ಕೆ ಅತಿ ಹತ್ತಿರ ಬಂದ ಉತ್ತರ ಇದೇ. 2009ರ ಸಿಬೆಲಿಯಸ್ 6ರ ‘ಲೈವ್ ಟೆಂಪೊ’ ಇದೇ ಹಾದಿಯದು: ಕೀಲಿಯೊಂದನ್ನು ತಟ್ಟುತ್ತಾ ಸಂಗೀತವನ್ನು ನಡೆಸಬಹುದು, ಹಾಗೆ ತಟ್ಟಿದ ವೇಗ ಸ್ಕೋರಿನ ಜೊತೆಗೇ ಉಳಿದು ಮುಂದಿನ ಸಲವೂ ಹಾಗೆಯೇ ಕೇಳಿಸುತ್ತದೆ.