ಹಿಮದ ಮೇಲೆ ನಡಿಗೆ

ಸಂಡೂರು ತಾಲ್ಲೂಕಿನ ಚೋರನೂರಿನಲ್ಲಿ ಹುಟ್ಟಿ ಬೆಳೆದವರಿಗೆ ಚಳಿಗಾಲವೆಂದರೆ ಹಿತವಾದ ಕಾಲ. ಧನುರ್ಮಾಸದ ಬೆಳಗಿನಲ್ಲಿ ಮೈ ನಡುಗುವುದುಂಟು. ಬೆಟ್ಟದ ಸಾಲಿನ ಮೇಲೆ ಮಂಜು ಕವಿಯುವುದೂ ಉಂಟು. ಆದರೆ ಹೊತ್ತು ಏರಿದಂತೆ ಮಂಜು ಸರಿದು ಸಂಡೂರಿನ ಕೆಂಪು ಬೆಟ್ಟಗಳು ಬಿಸಿಲಿನಲ್ಲಿ ಬೆಳಗತೊಡಗುತ್ತವೆ. ಕುಮಾರಸ್ವಾಮಿ ಬೆಟ್ಟಕ್ಕಾಗಲಿ ರಾಮಗಡಕ್ಕಾಗಲಿ ನಡೆದು ಹೋಗಬಯಸುವವರಿಗೆ ಇದಕ್ಕಿಂತ ಅನುಕೂಲವಾದ ಕಾಲ ಬೇರೊಂದಿಲ್ಲ. ಅದೇ ದಿನ, ಅದೇ ಹೊತ್ತಿನಲ್ಲಿ, ನಮ್ಮ ದೇಶದ ಉತ್ತರದ ತುದಿಯಲ್ಲಿ ಹಿಮಾಲಯದ ಕಣಿವೆಗಳು ಆಳವಾದ ಹಿಮದ ಅಡಿಯಲ್ಲಿ ಹೂತುಹೋಗಿರುತ್ತವೆ. ಅಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ನಡೆದು ಹೋಗುವುದೂ ಒಂದು ಸಾಹಸವೇ ಸರಿ. ಹಾಗಾದರೆ ಮನುಷ್ಯನು ಹಿಮದ ಮೇಲೆ ಹೇಗೆ ನಡೆಯುತ್ತಾನೆ? ಅದಕ್ಕೆ ಅವನು ಕಂಡುಕೊಂಡಿರುವ ಉಪಾಯಗಳೇನು? ಅದರಲ್ಲಿ ಇರುವ ಅಪಾಯಗಳೇನು? ಇವನ್ನು ಈ ಪಾಠದಲ್ಲಿ ವಿಚಾರಿಸೋಣ.

ಮೊದಲು ಒಂದು ಮಾತು. ನಾವು ‘ಮಂಜು’ ಎಂಬ ಒಂದೇ ಪದವನ್ನು ಹಲವು ವಸ್ತುಗಳಿಗೆ ಬಳಸುತ್ತೇವೆ. ಬೆಳಗಿನಲ್ಲಿ ದಾರಿಯನ್ನು ಮುಸುಕುವುದು ಮಂಜು. ಅದು ಗಾಳಿಯಲ್ಲಿ ತೇಲುವ ಸಣ್ಣ ನೀರಹನಿಗಳ ಸಮೂಹ. ಹುಲ್ಲಿನ ತುದಿಯಲ್ಲಿ ನಿಲ್ಲುವುದು ಇಬ್ಬನಿ. ಬೇಸಗೆಯ ಗುಡುಗು ಮಳೆಯಲ್ಲಿ ಬೀಳುವುದು ಆಲಿಕಲ್ಲು. ಹಿಮವು ಇವೆಲ್ಲಕ್ಕಿಂತ ಬೇರೆ. ಬಹಳ ತಂಪಾದ ಮೋಡಗಳಲ್ಲಿ ನೀರಾವಿಯು ದ್ರವವಾಗದೆ ನೇರವಾಗಿ ಘನರೂಪ ತಾಳಿ ಆರು ಮೂಲೆಗಳ ಸೂಕ್ಷ್ಮ ಹರಳುಗಳಾಗುತ್ತದೆ. ಈ ಹರಳುಗಳು ಒಂದಕ್ಕೊಂದು ತೊಡರಿಕೊಂಡು ಹತ್ತಿಯ ಎಸಳಿನಂತೆ ಮೆಲ್ಲನೆ ನೆಲಕ್ಕಿಳಿಯುತ್ತವೆ. ಇದೇ ಹಿಮ.

ನಮ್ಮಲ್ಲಿ ಇದು ಏಕೆ ಬೀಳುವುದಿಲ್ಲ? ಇದಕ್ಕೆ ಎರಡು ಕಾರಣಗಳಿವೆ. ನಾವು ಇರುವುದು ಭೂಮಧ್ಯರೇಖೆಯಿಂದ ಸುಮಾರು 15 ಡಿಗ್ರಿ ಉತ್ತರದಲ್ಲಿ. ಇಲ್ಲಿ ಚಳಿಗಾಲದಲ್ಲಿಯೂ ಸೂರ್ಯನ ಕಿರಣಗಳು ಬಹಳ ಓರೆಯಾಗುವುದಿಲ್ಲ. ಇದು ಮೊದಲನೆಯದು. ಸಮುದ್ರಮಟ್ಟದಿಂದ ಮೇಲೇರಿದಂತೆ ಪ್ರತಿ 1,000 ಮೀಟರಿಗೆ ಉಷ್ಣತೆಯು ಸರಾಸರಿ 6.5 ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯುತ್ತದೆ. ಸಂಡೂರಿನ ಬೆಟ್ಟಗಳ ಎತ್ತರ ಸುಮಾರು 1,000 ಮೀಟರ್. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರವೂ 2,000 ಮೀಟರನ್ನು ಮುಟ್ಟುವುದಿಲ್ಲ. ಇಷ್ಟು ಎತ್ತರವು ಹಿಮಕ್ಕೆ ಸಾಲದು. ಇದು ಎರಡನೆಯ ಕಾರಣ. ಆದುದರಿಂದಲೇ ನಮ್ಮ ತುಂಗಭದ್ರೆಯು ಪಶ್ಚಿಮಘಟ್ಟದ ಮಳೆಯನ್ನು ನಂಬಿದ ನದಿ. ಸಿಂಧೂ ಗಂಗೆಗಳಿಗಾದರೋ ಮಳೆಯ ಜೊತೆಗೆ ಹಿಮದ ನೀರೂ ಒದಗುತ್ತದೆ.

ಹೊಸದಾಗಿ ಬಿದ್ದ ಹಿಮವು ಬಹಳ ಹಗುರ. ಒಂದು ಘನಮೀಟರ್ ನೀರು 1,000 ಕಿಲೋಗ್ರಾಂ ತೂಗಿದರೆ ಅಷ್ಟೇ ಗಾತ್ರದ ಹೊಸ ಹಿಮವು ಸಾಮಾನ್ಯವಾಗಿ 50ರಿಂದ 100 ಕಿಲೋಗ್ರಾಂ ಮಾತ್ರ ತೂಗುತ್ತದೆ. ಎಂದರೆ ಅದರ ಗಾತ್ರದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಹರಳುಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ಆಗಿರುತ್ತದೆ. ಇಂಥ ಹಿಮದ ಮೇಲೆ ಕಾಲಿಟ್ಟರೆ ಮೊಣಕಾಲಿನವರೆಗೆ, ಕೆಲವೊಮ್ಮೆ ಸೊಂಟದವರೆಗೆ ಹೂತುಹೋಗುವುದು ಸಹಜ. ಹೂತ ಕಾಲನ್ನು ಕಿತ್ತು ಮುಂದಿಡಬೇಕು, ಅದೂ ಹೂಳುತ್ತದೆ. ಹೀಗೆ ನಡೆಯುವವನು ಬೇಗನೆ ಬಳಲುತ್ತಾನೆ. ಬಳಲಿಕೆಯಿಂದ ಬೆವರು ಬಂದು ಬಟ್ಟೆ ಒದ್ದೆಯಾಗುತ್ತದೆ. ಒದ್ದೆಯಾದ ಬಟ್ಟೆಯು ಮೈಯ ಶಾಖವನ್ನು ಹೀರಿ ಹೊರಗೆಡಹುತ್ತದೆ. ನಡಿಗೆ ನಿಂತೊಡನೆ ಚಳಿಯು ಅವನನ್ನು ಆವರಿಸಿಕೊಳ್ಳುತ್ತದೆ. ಹಿಮದಲ್ಲಿ ಹೂಳುವುದು ಕೇವಲ ಅನಾನುಕೂಲವಲ್ಲ, ಪ್ರಾಣಾಪಾಯವೂ ಹೌದು ಎಂಬುದು ಇದರಿಂದ ತಿಳಿಯುತ್ತದೆ.

ಈ ಕಷ್ಟಕ್ಕೆ ಪರಿಹಾರವು ನೀವು ವಿಜ್ಞಾನದ ತರಗತಿಯಲ್ಲಿ ಕಲಿಯುವ ಒಂದು ಸರಳ ತತ್ತ್ವದಲ್ಲಿಯೇ ಅಡಗಿದೆ. ಒಂದು ಮೇಲ್ಮೈಯ ಮೇಲೆ ಬೀಳುವ ಒತ್ತಡವು ಭಾರವನ್ನು ಮಾತ್ರವಲ್ಲದೆ, ಆ ಭಾರವು ಎಷ್ಟು ವಿಸ್ತಾರದ ಮೇಲೆ ಹರಡಿದೆ ಎಂಬುದನ್ನೂ ಅವಲಂಬಿಸಿರುತ್ತದೆ. ಮಳೆಗಾಲದಲ್ಲಿ ಎರೆ ಹೊಲದ ಕೆಸರಿನಲ್ಲಿ ಕಾಲು ಹೂಳುತ್ತದೆ. ಅದೇ ಕೆಸರಿನ ಮೇಲೆ ಒಂದು ಹಲಗೆ ಹಾಸಿ ನಡೆದರೆ ಹೂಳುವುದಿಲ್ಲ. ಮರಳುಗಾಡಿನ ಒಂಟೆಗೆ ಅಗಲವಾದ ಪಾದಗಳಿರುವುದೂ ಇದೇ ಕಾರಣದಿಂದ ಉಪಯುಕ್ತ. ಲೆಕ್ಕ ಹಾಕಿ ನೋಡೋಣ. 60 ಕಿಲೋಗ್ರಾಂ ತೂಕದ ಒಬ್ಬನು ಒಂದು ಕಾಲಿನ ಮೇಲೆ ನಿಂತಿದ್ದಾನೆನ್ನಿ. ಅವನ ಬೂಟಿನ ಅಡಿಯ ವಿಸ್ತೀರ್ಣ 200 ಚದರ ಸೆಂಟಿಮೀಟರ್ ಆಗಿದ್ದರೆ ಪ್ರತಿ ಚದರ ಸೆಂಟಿಮೀಟರಿನ ಮೇಲೆ 300 ಗ್ರಾಂ ಭಾರ ಬೀಳುತ್ತದೆ. ಅವನ ಕಾಲಿಗೆ 1,200 ಚದರ ಸೆಂಟಿಮೀಟರ್ ವಿಸ್ತೀರ್ಣದ ಚೌಕಟ್ಟೊಂದನ್ನು ಕಟ್ಟಿದರೆ ಆ ಭಾರವು 50 ಗ್ರಾಂಗೆ, ಎಂದರೆ ಆರನೆಯ ಒಂದು ಪಾಲಿಗೆ ಇಳಿಯುತ್ತದೆ. ಹೀಗೆ ಕಾಲಿಗೆ ಕಟ್ಟಿಕೊಳ್ಳುವ ಅಗಲವಾದ ಚೌಕಟ್ಟಿಗೇ ಹಿಮಪಾದುಕೆ ಎಂದು ಹೆಸರು.

ಈ ಉಪಾಯವನ್ನು ಪ್ರಕೃತಿಯು ಮನುಷ್ಯನಿಗಿಂತ ಮೊದಲೇ ಬಳಸಿಕೊಂಡಿದೆ. ಉತ್ತರ ಅಮೆರಿಕದ ಕಾಡುಗಳಲ್ಲಿ ಒಂದು ಜಾತಿಯ ಮೊಲವಿದೆ. ಅದರ ಹಿಂಗಾಲುಗಳ ಪಾದಗಳು ಬಹಳ ದೊಡ್ಡವು; ಚಳಿಗಾಲದಲ್ಲಿ ಅವುಗಳ ಮೇಲೆ ಒತ್ತಾದ ಕೂದಲು ಬೆಳೆಯುತ್ತದೆ. ಹಿಮಪಾದುಕೆಯ ಮೊಲವೆಂದೇ ಅದನ್ನು ಕರೆಯುತ್ತಾರೆ. ನಮ್ಮ ಹಿಮಾಲಯದ ಹಿಮಚಿರತೆಗೂ ಅಗಲವಾದ, ಅಡಿಯಲ್ಲಿ ಕೂದಲುಳ್ಳ ಪಂಜಗಳಿವೆ. ಉತ್ತರ ಅಮೆರಿಕದ ಮೂಲನಿವಾಸಿಗಳು ಬಾಗಿಸಿದ ಮರದ ಚೌಕಟ್ಟಿಗೆ ಹಸಿ ತೊಗಲಿನ ದಾರಗಳನ್ನು ಬಲೆಯಂತೆ ಹೆಣೆದು ಹಿಮಪಾದುಕೆಗಳನ್ನು ಮಾಡಿಕೊಂಡರು. ಬಲೆಯ ಕಣ್ಣುಗಳಿಂದ ಹಿಮವು ಕೆಳಗೆ ಉದುರಿಹೋಗುವುದರಿಂದ ಪಾದುಕೆಯು ಭಾರವಾಗುವುದಿಲ್ಲ. ಪಾದದ ಮುಂಭಾಗವನ್ನು ಮಾತ್ರ ಕಟ್ಟಿ ಹಿಮ್ಮಡಿಯನ್ನು ಬಿಡುವಾಗಿ ಬಿಡುತ್ತಿದ್ದುದರಿಂದ ಹೆಜ್ಜೆಯೆತ್ತುವುದು ಸುಲಭವಾಗುತ್ತಿತ್ತು. ಬೇಟೆಯೂ ಸಂಚಾರವೂ ಅವರಿಗೆ ಈ ಪಾದುಕೆಗಳಿಂದಲೇ ಸಾಧ್ಯವಾದುವು. ಇಂದಿನ ಪಾದುಕೆಗಳು ಅಲ್ಯೂಮಿನಿಯಂ ಮತ್ತು ಪ್ಲಾಸ್ಟಿಕ್‌ಗಳಿಂದ ಆದವು. ಗಟ್ಟಿಯಾದ ಹಿಮದ ಮೇಲೆ ಜಾರದಂತೆ ಅಡಿಯಲ್ಲಿ ಲೋಹದ ಮುಳ್ಳುಗಳೂ ಇರುತ್ತವೆ. ಆದರೆ ಮೂಲತತ್ತ್ವವು ಬದಲಾಗಿಲ್ಲ.

ಯೂರೋಪಿನ ಉತ್ತರ ಭಾಗದ ಜನರು ಇದೇ ತತ್ತ್ವವನ್ನು ಇನ್ನೊಂದು ರೀತಿಯಲ್ಲಿ ಬಳಸಿ ಉದ್ದವಾದ ಸ್ಕೀ ಹಲಗೆಗಳನ್ನು ನಿರ್ಮಿಸಿದರು. ಇಳಿಜಾರಿನಲ್ಲಿ ಜಾರಿಹೋಗಲು ಸ್ಕೀ ಉತ್ತಮ; ಮರಗಳ ನಡುವೆ, ಇಕ್ಕಟ್ಟಾದ ಏರುದಾರಿಯಲ್ಲಿ ನಿಧಾನವಾಗಿ ನಡೆಯಲು ಹಿಮಪಾದುಕೆ ಉತ್ತಮ. 1888ರಲ್ಲಿ ನಾರ್ವೆ ದೇಶದ ಫ್ರಿಟ್ಯಾಫ್ ನಾನ್ಸೆನ್ ಐವರು ಸಂಗಾತಿಗಳೊಡನೆ ಗ್ರೀನ್‌ಲೆಂಡಿನ ಹಿಮಪ್ರಸ್ಥವನ್ನು ದಾಟಿದಾಗ ಅವರ ಸಾಮಾನಿನಲ್ಲಿ ಸ್ಕೀಗಳೂ ಇದ್ದವು, ಹಿಮಪಾದುಕೆಗಳೂ ಇದ್ದವು.

ಪಾದುಕೆ ಇದ್ದ ಮಾತ್ರಕ್ಕೆ ನಡಿಗೆ ಬಂದಂತಾಗಲಿಲ್ಲ. ಒಂದು ಪಾದುಕೆಯು ಇನ್ನೊಂದನ್ನು ತುಳಿಯದಂತೆ ಕಾಲುಗಳನ್ನು ತುಸು ಅಗಲಿಸಿ ನಡೆಯಬೇಕು. ಏರುವಾಗ ಪಾದದ ಮುಂಭಾಗವನ್ನು ಹಿಮಕ್ಕೆ ಬಲವಾಗಿ ಊರಬೇಕು. ಇಳಿಯುವಾಗ ಮೊಣಕಾಲನ್ನು ಸ್ವಲ್ಪ ಬಗ್ಗಿಸಿ, ಕೈಯಲ್ಲಿನ ಕೋಲಿನ ಆಸರೆ ಪಡೆಯಬೇಕು. ಗುಂಪಿನಲ್ಲಿ ಎಲ್ಲರಿಗಿಂತ ಮುಂದೆ ಹೋಗುವವನಿಗೆ ಶ್ರಮ ಹೆಚ್ಚು. ಅವನು ಹೊಸ ಹಿಮವನ್ನು ತುಳಿದು ದಾರಿ ಮಾಡುತ್ತಾನೆ, ಹಿಂದಿನವರು ಅವನ ಹೆಜ್ಜೆಯಲ್ಲಿಯೇ ಹೆಜ್ಜೆಯಿಡುತ್ತಾರೆ. ಆದುದರಿಂದ ಸ್ವಲ್ಪ ಹೊತ್ತಿಗೊಮ್ಮೆ ಮುಂದಿನವನು ಹಿಂದೆ ಸರಿದು ಇನ್ನೊಬ್ಬನಿಗೆ ಎಡೆಮಾಡಿಕೊಡುವುದು ರೂಢಿ. ಹೊರೆಯನ್ನು ಹಂಚಿಕೊಳ್ಳುವ ಈ ರೂಢಿಯು ಹಿಮದಾರಿಯ ಮೊದಲ ನೀತಿಯಾಗಿದೆ.

ಉಡುಪಿನಲ್ಲಿಯೂ ವಿವೇಕ ಬೇಕು. ಒಂದೇ ದಪ್ಪ ಬಟ್ಟೆಗಿಂತ ಹಲವು ಪದರಗಳು ಲೇಸು: ಬೆವರನ್ನು ಮೈಯಿಂದ ದೂರ ಒಯ್ಯುವ ಒಳಪದರ, ಶಾಖವನ್ನು ಹಿಡಿದಿಡುವ ಉಣ್ಣೆಯಂಥ ನಡುಪದರ, ಗಾಳಿಯನ್ನು ತಡೆಯುವ ಹೊರಪದರ. ಹೊಸ ಹಿಮವು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡಾ 80ಕ್ಕೂ ಹೆಚ್ಚನ್ನು ಹಿಂದಕ್ಕೆ ಎರಚುವುದರಿಂದ ಕಪ್ಪು ಕನ್ನಡಕವಿಲ್ಲದೆ ನಡೆದವರ ಕಣ್ಣು ಉರಿದು, ಕೆಲಕಾಲ ಕಾಣದಂತಾಗಬಹುದು. ಬಾಯಾರಿದಾಗ ಹಿಮವನ್ನು ತಿನ್ನುವುದೂ ತರವಲ್ಲ. ಒಂದು ಗ್ರಾಂ ಹಿಮ ಕರಗಲು ಸುಮಾರು 80 ಕೆಲೊರಿ ಶಾಖ ಬೇಕು. ಒಂದು ಗ್ರಾಂ ನೀರನ್ನು 20 ಡಿಗ್ರಿಯಿಂದ ಕುದಿಯುವವರೆಗೆ ಕಾಯಿಸಲು ಬೇಕಾಗುವಷ್ಟೇ ಶಾಖ ಅದು. ಅಷ್ಟನ್ನೂ ನಡೆಯುವವನ ದೇಹವೇ ಕೊಡಬೇಕಾಗುತ್ತದೆ. ಇನ್ನು ಎತ್ತರದ ಸಂಗತಿ. ಸುಮಾರು 5,500 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡವು ಸಮುದ್ರಮಟ್ಟದ ಅರ್ಧದಷ್ಟು ಮಾತ್ರ. ಬಯಲುನಾಡಿನಿಂದ ಹೋದವರು ಒಮ್ಮೆಲೇ ಏರದೆ, ದೇಹವು ಹೊಂದಿಕೊಳ್ಳುವಂತೆ ದಿನದಿನಕ್ಕೆ ಸ್ವಲ್ಪಸ್ವಲ್ಪವೇ ಏರಬೇಕು. ತಲೆನೋವು, ವಾಕರಿಕೆ, ತೂಕಡಿಕೆಗಳು ಹೆಚ್ಚಿದರೆ ಕೆಳಗಿಳಿಯುವುದೇ ಮದ್ದು.

ಎಲ್ಲಕ್ಕಿಂತ ಘೋರವಾದ ಅಪಾಯವೆಂದರೆ ಹಿಮಪ್ರವಾಹ. ಚಳಿಗಾಲದ ಉದ್ದಕ್ಕೂ ಬೀಳುವ ಹಿಮವು ಪದರ ಪದರವಾಗಿ ಕೂಡುತ್ತದೆ. ನಡುವಿನ ಒಂದು ಪದರ ದುರ್ಬಲವಾಗಿದ್ದರೆ ಮೇಲಿನ ಪದರಗಳು ಸಂದರ್ಭ ಸಿಕ್ಕೊಡನೆ ಜಾರಿಬೀಳುತ್ತವೆ. ಸಾಮಾನ್ಯವಾಗಿ 30ರಿಂದ 45 ಡಿಗ್ರಿ ಓರೆಯುಳ್ಳ ಇಳಿಜಾರುಗಳಲ್ಲಿ ಈ ಭಯ ಹೆಚ್ಚು. ಹೊಸ ಹಿಮದ ಭಾರ, ಬೀಸುಗಾಳಿ, ಹಠಾತ್ತಾದ ಬಿಸಿಲು, ಕೆಲವೊಮ್ಮೆ ಒಬ್ಬ ಮನುಷ್ಯನ ಹೆಜ್ಜೆ ಸಹ ಇದಕ್ಕೆ ನಿಮಿತ್ತವಾಗಬಹುದು. ಹೂತವರನ್ನು ಮೊದಲ ಕಾಲುಗಂಟೆಯಲ್ಲಿ ತೆಗೆದರೆ ಬಹುಮಂದಿ ಬದುಕುತ್ತಾರೆ. ಅರ್ಧಗಂಟೆ ಕಳೆದರೆ ಆಸೆಯು ಬಹಳ ಕುಗ್ಗುತ್ತದೆ. ಹೀಗಾಗಿ ಹಿಮದಾರಿಯ ಪಥಿಕರು ಸಂಕೇತ ಕಳುಹಿಸುವ ಯಂತ್ರ, ಹುಡುಕುವ ಕಂಬಿ, ಸಲಿಕೆ ಈ ಮೂರನ್ನೂ ಒಯ್ಯುತ್ತಾರೆ.

ಹಿಮವು ನಮ್ಮ ನಾಡಿಗೆ ಸಂಬಂಧಿಸದ ವಸ್ತುವೆಂದು ಭಾವಿಸಬಾರದು. ಕನ್ನಡ ನಾಡಿನ ಅನೇಕರು ಆ ಬಿಳಿಯ ನೆಲದಲ್ಲಿ ನಡೆದಿದ್ದಾರೆ. ಮಡಿಕೇರಿಯಲ್ಲಿ ಹುಟ್ಟಿದ ಕೆ. ಎಸ್. ತಿಮ್ಮಯ್ಯನವರು 1948ರ ನವೆಂಬರ್ ತಿಂಗಳಿನಲ್ಲಿ, 3,500 ಮೀಟರಿಗೂ ಎತ್ತರವಾದ ಜೋಜಿಲಾ ಕಣಿವೆಯ ಮಾರ್ಗಕ್ಕೆ ಟ್ಯಾಂಕುಗಳನ್ನು ಏರಿಸಿ ಲಡಾಖಿನ ದಾರಿಯನ್ನು ತೆರೆಯಿಸಿದ ಸೇನಾನಿ. ಬೆಂಗಳೂರಿನಲ್ಲಿರುವ ಸಾಹಸ ಅಕಾಡೆಮಿಯೊಂದು ಇಂದು ಅವರ ಹೆಸರನ್ನು ಹೊತ್ತಿದೆ. 1984ರಿಂದ ನಮ್ಮ ಸೈನಿಕರು ಕಾಯುತ್ತಿರುವ ಸಿಯಾಚಿನ್ ಹಿಮನದಿಯ ಪ್ರದೇಶದಲ್ಲಿ ಚಳಿಗಾಲದ ಉಷ್ಣತೆಯು ಸೊನ್ನೆಗಿಂತ 40 ಡಿಗ್ರಿ ಕೆಳಗೂ ಇಳಿಯುತ್ತದೆ. ಅಲ್ಲಿ 19,000 ಅಡಿಗೂ ಎತ್ತರದ ಠಾಣ್ಯವೊಂದರ ಮೇಲೆ 2016ರ ಫೆಬ್ರವರಿ 3ರಂದು ಹಿಮಪ್ರವಾಹವು ಎರಗಿ ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಯೋಧರು ಹೂತುಹೋದರು. ಅವರಲ್ಲಿ ಹಾಸನ ಜಿಲ್ಲೆಯ ತೇಜೂರಿನ ಸುಬೇದಾರ್ ನಾಗೇಶ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ಕಡೆಯ ಸಿಪಾಯಿ ಮಹೇಶ, ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಇದ್ದರು. ಸಂಗಾತಿಗಳು ಕಲ್ಲಿನಂತೆ ಗಟ್ಟಿಯಾದ ಹಿಮವನ್ನು ಹಗಲಿರುಳು ಕೊರೆದರು. ತರಬೇತಿ ಪಡೆದ ನಾಯಿಗಳೂ ನೆರವಾದುವು. ಆರನೆಯ ದಿನ ಹನುಮಂತಪ್ಪನವರು ಜೀವಸಹಿತ ಸಿಕ್ಕಾಗ ಇಡೀ ದೇಶವೇ ಬೆರಗಾಯಿತು. ಆದರೆ ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದರು. ಹಿಮವನ್ನೇ ಕಾಣದ ಕಪ್ಪು ಮಣ್ಣಿನ ನಾಡಿನಲ್ಲಿ ಬೆಳೆದವರು ಅಂಥ ಎತ್ತರದಲ್ಲಿ ಕರ್ತವ್ಯಕ್ಕೆ ನಿಂತಿದ್ದರೆಂಬುದನ್ನು ನಾವು ಮರೆಯಲಾಗದು.

ಇಂಥ ದುರಂತಗಳನ್ನು ಕಡಿಮೆ ಮಾಡಲು ಜ್ಞಾನವೇ ಸಾಧನ. ಹಿಮ ಮತ್ತು ಹಿಮಪ್ರವಾಹಗಳ ಅಧ್ಯಯನಕ್ಕಾಗಿ 1969ರಲ್ಲಿ ಮನಾಲಿಯಲ್ಲಿ ಸಂಸ್ಥೆಯೊಂದು ಸ್ಥಾಪಿತವಾಯಿತು. 2020ರಲ್ಲಿ ಅದು ರಕ್ಷಣಾ ಇಲಾಖೆಯ ಇನ್ನೊಂದು ಸಂಶೋಧನಾ ಸಂಸ್ಥೆಯಲ್ಲಿ ಸೇರಿಹೋಗಿ ಆ ಕೆಲಸ ಮುಂದುವರಿದಿದೆ. 1954ರಲ್ಲಿ ಡಾರ್ಜಿಲಿಂಗಿನಲ್ಲಿ, 1965ರಲ್ಲಿ ಉತ್ತರಕಾಶಿಯಲ್ಲಿ ಪರ್ವತಾರೋಹಣ ಶಾಲೆಗಳು ಆರಂಭವಾದುವು. ಆಸಕ್ತಿಯುಳ್ಳ ಯುವಕ ಯುವತಿಯರು ಅಲ್ಲಿ ಹಿಮದ ಮೇಲೆ ನಡೆಯುವುದನ್ನು ಕ್ರಮವಾಗಿ ಕಲಿಯಬಹುದು.

ಅದಕ್ಕೆ ಮೊದಲ ಪಾಠವನ್ನು ನಮ್ಮ ಊರಿನ ಬೆಟ್ಟಗಳಲ್ಲಿಯೇ ಕಲಿಯಲು ಸಾಧ್ಯವಿದೆ. ಹೊರಡುವ ಮುನ್ನ ಮನೆಯವರಿಗೆ ದಾರಿಯನ್ನೂ ಮರಳುವ ಹೊತ್ತನ್ನೂ ತಿಳಿಸುವುದು, ಒಬ್ಬೊಬ್ಬರೇ ಹೋಗದಿರುವುದು, ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವನ ವೇಗಕ್ಕೆ ಹೊಂದಿಕೊಳ್ಳುವುದು, ನೀರನ್ನು ಒಯ್ಯುವುದು, ಹೊತ್ತು ಮೀರಿದರೆ ಶಿಖರವು ಕಣ್ಣೆದುರಿಗಿದ್ದರೂ ಹಿಂದಿರುಗುವುದು ಇವು ಸಂಡೂರಿನ ಬೆಟ್ಟಕ್ಕೂ ಸಲ್ಲುವ, ಹಿಮಾಲಯಕ್ಕೂ ಸಲ್ಲುವ ನಿಯಮಗಳು. ಹಿಂದಿರುಗುವುದು ಹೇಡಿತನವಲ್ಲ. ಬೆಟ್ಟವು ನಾಳೆಯೂ ಅಲ್ಲಿಯೇ ಇರುತ್ತದೆ. ಅದನ್ನು ಏರಲು ನಾವು ಉಳಿದಿರಬೇಕು. ಪ್ರಕೃತಿಯ ಬಲವನ್ನು ಅರಿತು, ಅದಕ್ಕೆ ತಕ್ಕ ಸಿದ್ಧತೆ ಮಾಡಿಕೊಂಡು, ಸಂಗಾತಿಗಳ ಕೈಬಿಡದೆ ನಡೆಯುವವನೇ ನಿಜವಾದ ಸಾಹಸಿ.